ಪರದೇಶಿಯ ಬಹುವಚನ

ಮೊನ್ನೆ ಬೀರುವಿನ ಮೇಲಿನ ಖಾನೆಯಲ್ಲಿ ಏನನ್ನೋ ಹುಡುಕುತ್ತಿದ್ದಾಗ, ಹೊಲಿಸದೆ ಉಳಿದುಹೋದ ಒಂದು ಗುಳೇದಗುಡ್ಡದ ಖಣ ಕೈಗೆ ಸಿಕ್ಕಿತು. ಹುಡುಕುತ್ತಿದ್ದುದು ಏನೆಂಬುದು ಅಲ್ಲಿಗೇ ಮರೆತುಹೋಯಿತು. ಈ ವಯಸ್ಸಿನಲ್ಲಿ ಹುಡುಕಾಟಗಳೆಲ್ಲ ಹೀಗೆಯೇ ಮುಗಿಯುತ್ತವೆ ಬಿಡಿ. ಖಣವೆಂದರೆ ಗೊತ್ತಲ್ಲ, ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ. ತ್ರಿಕೋನವಾಗಿ ಮಡಚಿ ಕೊಡುತ್ತಾರೆ, ಉಡಿ ತುಂಬಲು ಬೇಕೇ ಬೇಕು. ಮೂಗಿಗೆ ಹಿಡಿದೆ. ಗಂಜಿ, ಬಣ್ಣ, ನುಸಿಗುಳಿಗೆ ಮೂರೂ ಬೆರೆತ ವಾಸನೆ. ಆ ವಾಸನೆಯ ಹಿಂದೆ ಒಂದು ಪದ ಬಂತು, ಆ ಪದದ ಹಿಂದೆ ಇಬ್ಬರು ಮನುಷ್ಯರು ಬಂದರು. ಕುರ್ಚಿಯಿಂದ ಇಳಿದು ಕುಳಿತೆ. ನೀವೂ ಕುಳಿತುಕೊಳ್ಳಿ.

ಆ ಪದ ಪರದೇಶಿ.

ಕೇಳಿದ ಕೂಡಲೇ ನಿಮ್ಮ ಮುಖ ಸ್ವಲ್ಪ ಕಿವುಚಿಕೊಂಡಿರಬೇಕು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಪರದೇಶಿ ಎಂದರೆ ಹೆತ್ತವರಿಲ್ಲದವನು, ದಿಕ್ಕಿಲ್ಲದವನು, ಯಾರದೋ ಕಟ್ಟೆಯ ಮೇಲೆ ಮಲಗಿ ಯಾರದೋ ಮನೆಯಲ್ಲಿ ಉಂಡು ಬೆಳೆದವನು. ಮರುಗುವಾಗಲೂ ಅದೇ ಪದ, ಬಯ್ಯುವಾಗಲೂ ಅದೇ. "ಪಾಪ, ಪರದೇಶಿ ಆತು ಕೂಸು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡ ಬಾಯಿಯೇ ಮರುದಿನ ಅದೇ ಕೂಸಿಗೆ "ಏಳಲೇ ಪರದೇಶಿ" ಎಂದು ಗದರುವುದನ್ನು ನಾನು ಕೇಳಿದ್ದೇನೆ. ಇತ್ತ ನಾನಿರುವ ಕಲ್ಯಾಣ, ಡೊಂಬಿವಲಿ ಕಡೆಯ ಮರಾಠಿಯಲ್ಲಿ ಪರದೇಶಿ ಎಂದರೆ ಉತ್ತರದ ಕಡೆಯಿಂದ ಬಂದವನು; ಕೆಲವರಿಗೆ ಅದು ಅಡ್ಡಹೆಸರೂ ಹೌದು, ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರದಲ್ಲಿ ಹಾಕಿಸಿಕೊಂಡು ಹಾಯಾಗಿದ್ದಾರೆ.

ನನಗೆ ಮಾತ್ರ ಆ ಪದ ಅನ್ವಯಿಸುವುದಿಲ್ಲವೆಂದು ನಂಬಿದ್ದೆ. ಗದಗಿನ ಕಡೆಯಿಂದ ಬಂದು ಶಹಾಡಿನ ಗಿರಣಿಯಲ್ಲಿ ಗುಮಾಸ್ತಿಕೆ ಮಾಡಿದವರು ನಮ್ಮಪ್ಪ. ನಾನು ಹುಟ್ಟಿದ್ದೇ ಕಲ್ಯಾಣದ ಚಾಳಿನಲ್ಲಿ. ಅಪ್ಪ ಬಂದವರು, ನಾನು ಇದ್ದವಳು. ಈ ವ್ಯತ್ಯಾಸದ ಬಗ್ಗೆ ನನಗೆ ಒಳಗೊಳಗೇ ಒಂದು ಜಂಬವಿತ್ತು.

ಇನ್ನೊಂದು ಜಂಬವೂ ಇತ್ತು. ಬ್ಯಾಂಕಿನ ಕೆಲಸದಲ್ಲಿದ್ದಾಗ ಅಂಚೆಯ ಮೂಲಕ ಕನ್ನಡ ಎಂ.ಎ. ಮಾಡಿದ್ದೆ. ಅದರಿಂದ ಬ್ಯಾಂಕಿನಲ್ಲಿ ಬಡ್ತಿ ಸಿಗಲಿಲ್ಲ, ಡೊಂಬಿವಲಿಯ ಕನ್ನಡಿಗರಲ್ಲಿ ಸಿಕ್ಕಿತು. ಮದುವೆಯ ಪತ್ರಿಕೆ ತಿದ್ದುವುದು, ಮೊಮ್ಮಗುವಿಗೆ ಯಾರೂ ಇಡದ ಹೆಸರು ಹುಡುಕುವುದು, ಕನ್ನಡ ಸಂಘದ ಸಭೆಯಲ್ಲಿ ವಂದನಾರ್ಪಣೆ, ಎಲ್ಲ ನನ್ನ ಪಾಲಿಗೆ. "ಪಂಡಿತರನ್ನ ಕೇಳ್ರಿ" ಎನ್ನುತ್ತಿದ್ದರು. ಕೇಳಿದ ಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಆದರೂ ಕೇಳುತ್ತಿದ್ದರಲ್ಲ!

ಈಗ ಗುರಪ್ಪ ಕಾಕಾನ ವಿಷಯ. ಆತ ನಮಗೆ ನೆಂಟನಲ್ಲ, ಅಪ್ಪನ ಪರಿಚಯದವನು. ಗುಳೇದಗುಡ್ಡದಿಂದ ಖಣ, ಇಳಕಲ್ಲಿನಿಂದ ಸೀರೆ ತಂದು, ದೊಡ್ಡ ಗಂಟು ಕಟ್ಟಿ, ಲೋಕಲ್ ರೈಲಿನ ಸಾಮಾನಿನ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಅಂಬರನಾಥ, ಶಹಾಡ್, ಡೊಂಬಿವಲಿ ಅಂತ ಓಡಾಡುತ್ತಿದ್ದ. ಕಾರಖಾನೆಯ ಕ್ವಾರ್ಟರ್ಸುಗಳಲ್ಲಿ ಮಧ್ಯಾಹ್ನ ಹೆಂಗಸರು ಬಿಡುವಾಗುವ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಗಂಟು ಬಿಚ್ಚುತ್ತಿದ್ದ. ಮೀನಿನ ಡಬ್ಬಿಯಲ್ಲಿ ಬಂದ ಖಣಕ್ಕೆ ಮೀನಿನ ವಾಸನೆ ಹೇಗೆ ಹತ್ತುತ್ತಿರಲಿಲ್ಲ ಎಂದು ನಮ್ಮವ್ವ ಕೊನೆಯವರೆಗೂ ಅಚ್ಚರಿಪಡುತ್ತಿದ್ದಳು. ಖಣ ಮರಾಠಿಯಲ್ಲೂ ಖಣವೇ. ಅದು ನಮ್ಮದೆಂದು ಮರಾಠಿ ಹೆಂಗಸರೂ, ನಮ್ಮದೆಂದು ನಮ್ಮವರೂ ವಾದಿಸುತ್ತಿದ್ದಾಗ ಗುರಪ್ಪ ಕಾಕಾ ಇಬ್ಬರಿಗೂ ಹೌದು ಎಂದು ಇಬ್ಬರಿಗೂ ಮಾರುತ್ತಿದ್ದ. ವರ್ಷಗಳ ಮೇಲೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಒಂದು ಪುಟ್ಟ ಅಂಗಡಿ ಹಿಡಿದ. "ಸೆಟ್ಟಿ ಬಿಟ್ಟಲ್ಲೇ ಪಟ್ಟಣ" ಎಂಬ ಗಾದೆ ನಿಮಗೂ ಗೊತ್ತು. ಗಂಟು ಇಳಿಸಿದವನಿಗೆ ಪಟ್ಟಣ ಕಟ್ಟಿದ ಕೀರ್ತಿ ಬರುತ್ತದೆ, ಹೊತ್ತು ತಿರುಗುವವನನ್ನು ನಾಯಿ ಬೊಗಳುತ್ತದೆ. ಗಾದೆ ಎರಡನೆಯದನ್ನು ಹೇಳುವುದಿಲ್ಲ.

ಗುರಪ್ಪ ಕಾಕಾನ ಜೀವದ ಗೆಳೆಯ ಕಲ್ಯಾಣದ ವಾಸುದೇವ ರಾಯರು. ಉಡುಪಿಯ ಕಡೆಯವರು, ಸ್ಟೇಷನ್ನಿನ ಎದುರಿಗೆ ಸಸ್ಯಾಹಾರಿ ಹೋಟೆಲು. ಕಾಕಾ ಗಂಟು ಹೊತ್ತು ತಿರುಗುವ ಕಾಲದಲ್ಲಿ ರಾತ್ರಿ ಅದನ್ನು ಇಡಲು ಜಾಗ ಕೊಟ್ಟದ್ದು ಅವರೇ, ಹೋಟೆಲಿನ ಮೆಟ್ಟಿಲ ಕೆಳಗೆ. ಒಬ್ಬರದು ಬಯಲುಸೀಮೆಯ ಬಾಯಿ, ಇನ್ನೊಬ್ಬರದು ಕರಾವಳಿಯದು. ಒಬ್ಬರಿಗೆ ಖಾರ, ಇನ್ನೊಬ್ಬರಿಗೆ ಸಾರಿನಲ್ಲೂ ಬೆಲ್ಲ. ಸೋಮವಾರ ಕಾಕಾನ ಅಂಗಡಿಗೆ ರಜೆ. ಅವತ್ತು ಆತ ಕಲ್ಯಾಣಕ್ಕೆ ಹೋಗಿ, ರಾಯರು ದುಡ್ಡು ಎಣಿಸುವ ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಸಾಂಬಾರಿಗೆ ಬೆಲ್ಲ ಯಾಕೆ ಹಾಕಬಾರದು ಎಂಬುದನ್ನು ವಿವರಿಸಿ ಸಂಜೆಯ ಗಾಡಿಗೆ ವಾಪಸಾಗುತ್ತಿದ್ದ. ಮುಂದಿನ ಸೋಮವಾರ ಸಾಂಬಾರು ಅಷ್ಟೇ ಸಿಹಿಯಾಗಿರುತ್ತಿತ್ತು.

ರಾಯರ ಒಬ್ಬಳೇ ಮಗಳು ಸುಮನಾಳ ಮದುವೆ ಠಾಣೆಯ ಒಂದು ಹಾಲಿನಲ್ಲಿ ನಡೆಯಿತು. ಹುಡುಗನ ಕಡೆಯವರು ನೆರೂಳದವರು. ಅವರದೂ ಹೋಟೆಲುಗಳೇ, ಆದರೆ ಏಸಿ ಇದ್ದವು. ರಾಯರು ಎಂದೂ ಹಾಕದ ಜರಿಶಾಲು ಹೊದ್ದು, ಸ್ವಲ್ಪ ಎತ್ತರದ ದನಿಯಲ್ಲಿ ಮಾತಾಡುತ್ತ ಓಡಾಡುತ್ತಿದ್ದರು. ಗುರಪ್ಪ ಕಾಕಾ ಬೆಳಿಗ್ಗೆಯೇ ಬಂದು, ತಾನೇ ಹೇಳಿ ನೇಯಿಸಿದ ಇಳಕಲ್ ಸೀರೆಯನ್ನು ಹುಡುಗಿಯ ಕೈಗಿಟ್ಟು, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದ. ಎದುರು ಸಾಲಿನಲ್ಲಿ ನಾನಿದ್ದೆ. ರಾಯರು ಬೀಗರ ಹಿರಿಯರೊಬ್ಬರನ್ನು ಕರೆದುಕೊಂಡು ಉಪಚಾರ ಮಾಡುತ್ತ ಸಾಲಿನುದ್ದಕ್ಕೂ ಬಂದರು. ಧೋತರ, ಬಿಳಿ ಟೊಪ್ಪಿಗೆಯ ಗುರಪ್ಪ ಕಾಕಾನನ್ನು ಕಂಡು ಆ ಹಿರಿಯರು, "ಇವರು ಯಾರು? ನಿಮ್ಮ ಪೈಕಿ ಅಲ್ಲ ಕಾಣ್ತದೆ" ಎಂದರು.

ರಾಯರು ನಕ್ಕರು. "ಇವನಾ? ಇವ ಒಬ್ಬ ಪರದೇಶಿ ಮಾರಾಯ್ರೆ. ಎಲ್ಲಿಂದಲೋ ಬಂದು ನಮ್ಮ ಹೋಟೆಲಿನ ಮೂಲೆಯಲ್ಲಿ ಬಿದ್ದಿದ್ದವ."

ಹಿರಿಯರು ನಕ್ಕರು. ಅಕ್ಕಪಕ್ಕದವರೂ ನಕ್ಕರು. ಗುರಪ್ಪ ಕಾಕಾ ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿ ಇಟ್ಟ. ಎಲೆ ಮಡಚಿದ. ಪಾಯಸ ಬಡಿಸುವವನು ಅವನ ಮುಂದೆ ಸೌಟು ಎತ್ತಿಕೊಂಡು ನಿಂತೇ ಇದ್ದ. ಕಾಕಾ ಎದ್ದು, ಕೈತೊಳೆದು, ಚಪ್ಪಲಿ ಮೆಟ್ಟಿ ಹೋಗಿಬಿಟ್ಟ. ಬಡಿಸಿದ ಎಲೆಯಿಂದ ಅರ್ಧಕ್ಕೆ ಏಳುವುದೆಂದರೆ ನಮ್ಮ ಕಡೆ ಅದು ಮಾತು ಮುಗಿಯಿತೆಂದು ಹೇಳುವ ರೀತಿ. ರಾಯರು ಆಗಲೇ ಮುಂದಿನ ಸಾಲಿನಲ್ಲಿದ್ದರು.

ಆಮೇಲೆ ಸೋಮವಾರಗಳು ನಿಂತುಹೋದವು.

ರಾಯರು ನನ್ನನ್ನು ಕಂಡಾಗಲೆಲ್ಲ ದೂರುತ್ತಿದ್ದರು. "ನಾನು ಎಂತ ಹೇಳಿದೆ ಅಂತ ಅವನಿಗೆ ಅಷ್ಟು ಸಿಟ್ಟು? ತಮಾಷೆಗೆ ಹೇಳಿದ್ದಲ್ವಾ? ಫೋನು ಮಾಡಿದರೆ ಎತ್ತುವುದಿಲ್ಲ. ನೀವು ಒಂದು ಮಾತು ಹೇಳಿ ಮಾರಾಯ್ರೆ, ನೀವು ತಿಳಿದವರು."

ತಿಳಿದವರು ಎಂದರೆ ನಾನು ಸುಮ್ಮನೆ ಕೂರುವವಳಲ್ಲ. ಸಂಘದ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಒಂದು ಕಪಾಟಿದೆ. ಅದನ್ನು ತೆಗೆಸಿ, ಜಿರಳೆಗಳ ಕ್ಷಮೆ ಕೇಳಿ, ನಿಘಂಟು, ಶಾಸನಗಳ ಮೇಲಿನ ಪುಸ್ತಕಗಳನ್ನು ಮನೆಗೆ ಹೊತ್ತು ತಂದೆ. ಓದುತ್ತ ಹೋದಂತೆ ನನಗೆ ಆದ ಸಂತೋಷ ಏನು ಹೇಳಲಿ! ನಮ್ಮ ಹಳೆಯ ಶಾಸನಗಳಲ್ಲಿ ಊರೂರು ಸುತ್ತಿ ವ್ಯಾಪಾರ ಮಾಡುತ್ತಿದ್ದ ವರ್ತಕರ ದೊಡ್ಡ ದೊಡ್ಡ ಕೂಟಗಳ ಮಾತು ಬರುತ್ತದೆ. ಎತ್ತು, ಕತ್ತೆ, ಕೋಣಗಳ ಮೇಲೆ ಹೇರು ಹೇರಿಕೊಂಡು ದೇಶದಿಂದ ದೇಶಕ್ಕೆ ನಡೆದವರು ಅವರು. ಗುಡಿಗಳಿಗೆ ದತ್ತಿ ಬಿಟ್ಟವರು, ಅರಸರು ಕರೆದು ಕೂಡಿಸಿದವರು. ಅವರ ಬಿರುದುಗಳ ಸಾಲಿನಲ್ಲಿ ನಾನಾದೇಶಿ ಇದೆ, ಸ್ವದೇಶಿ ಇದೆ, ಪರದೇಶಿಯೂ ಇದೆ. ತಮ್ಮ ಸೀಮೆ ದಾಟಿ ವ್ಯಾಪಾರಕ್ಕೆ ಹೋದವನು ಪರದೇಶಿ. ಅದು ಬೈಗುಳವಲ್ಲ, ಎದೆಯುಬ್ಬಿಸಿ ಕಲ್ಲಿನಲ್ಲಿ ಕೆತ್ತಿಸಿಕೊಂಡ ಹೆಸರು. ಆ ಹೆಸರು ಯಾವಾಗ, ಯಾವ ಊರಿನ ಯಾವ ಕಟ್ಟೆಯ ಮೇಲೆ ದಿಕ್ಕಿಲ್ಲದ ಕೂಸಿನ ತಲೆಗೆ ಬಿತ್ತೋ ಪುಸ್ತಕಗಳು ಹೇಳಲಿಲ್ಲ. ನಾನೇ ಊಹಿಸಿದೆ: ಹೇರು ಇದ್ದಷ್ಟು ದಿನ ಪರದೇಶಿ ವರ್ತಕ, ಹೇರು ಕಳೆದುಕೊಂಡ ದಿನ ತಿರುಕ. ಪದ ಒಂದೇ, ಎತ್ತಿನ ಮೇಲಿನ ಸರಕು ಮಾತ್ರ ಇಳಿದುಹೋಗಿತ್ತು.

ಇಷ್ಟನ್ನೂ ಹೊತ್ತುಕೊಂಡು ಗುರಪ್ಪ ಕಾಕಾನ ಅಂಗಡಿಗೆ ಹೋದೆ. ಆತ ಗಾದಿಯ ಮೇಲೆ ಕುಳಿತು ಸೀರೆಗಳನ್ನು ಮಡಚುತ್ತಿದ್ದ. ಚಹಾ ತರಿಸಿದ. ನಾನು ವರ್ತಕರ ಕೂಟ, ಹೇರು, ಬಿರುದು, ಕಲ್ಲು ಎಲ್ಲವನ್ನೂ ಹೇಳಿ, "ಕಾಕಾ, ರಾಯರು ನಿಮಗ ಬೈದಿಲ್ರಿ. ಅದು ರಾಜ ಮರ್ಯಾದಿ ಹೆಸರು" ಎಂದು ಮುಗಿಸಿದೆ.

ಆತ ಪೂರ್ತಿ ಕೇಳಿದ. "ಆ ಕಲ್ಲಾಗ ಕೆತ್ತಿಸಿದ ಮಂದಿ, ತಮಗ ತಾವs ಪರದೇಶಿ ಅಂದ್ಕೊಂಡಾರ. ಹೌದಿಲ್ಲೋ?"

"ಹೌದ್ರಿ."

"ಅವ್ರ ಕೈಯಾಗ ಉಳಿ ಇತ್ತವಾ ತಂಗಿ. ನನ್ನ ಕೈಯಾಗ ಅನ್ನ ಇತ್ತು."

ಚಹಾ ಕುಡಿದು ಬಂದೆ. ಇನ್ನಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಆದರೆ ಇಷ್ಟು ಟಿಪ್ಪಣಿ ಮಾಡಿಕೊಂಡವಳು ಬಿಡುವುದುಂಟೇ? ಸಂಘದ ಮುಂದಿನ ಸಭೆಯಲ್ಲಿ ಉಪನ್ಯಾಸವನ್ನೇ ಕೊಟ್ಟೆ: ಪರದೇಶಿ ಪದದ ಹುಟ್ಟು ಮತ್ತು ಇಳಿತ. ಕಾಕಾ ಬರಲಿಲ್ಲ. ರಾಯರು ಬಂದು ಮುಂದಿನ ಸಾಲಿನಲ್ಲಿ ಕುಳಿತರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸಂಘದ ಪತ್ರಿಕೆಯಲ್ಲಿ ಉಪನ್ಯಾಸ ಅಚ್ಚಾದಾಗ ಆ ಪುಟ ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿ, ಹೋಟೆಲಿನ ಗಲ್ಲೆಯ ಗಾಜಿನ ಕೆಳಗೆ ಇಟ್ಟುಬಿಟ್ಟರು. ಬಿಲ್ಲು ಕೊಡಲು ಬಂದ ಕನ್ನಡಿಗರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದರಂತೆ: "ನೋಡಿ, ನಾನು ಅವನನ್ನು ಬೈದದ್ದಲ್ಲ, ಹೊಗಳಿದ್ದು. ಶಾಸನದಲ್ಲೇ ಉಂಟು." ಡೊಂಬಿವಲಿಗೆ ಈ ಸುದ್ದಿ ಫಾಸ್ಟ್ ಗಾಡಿಯಲ್ಲಿ ಬಂತು. ರಾಜಿ ಮಾಡಿಸಲು ಹೋದ ನಾನು ಒಂದು ಕಡೆಯವರಿಗೆ ವಕೀಲಳಾಗಿ ಬಿಟ್ಟಿದ್ದೆ, ಅದೂ ಫೀಸಿಲ್ಲದೆ.

ಮುಖ ತೋರಿಸಲು ನಾಚಿಕೆಯಾದರೂ ಮತ್ತೆ ಕಾಕಾನ ಅಂಗಡಿಗೆ ಹೋದೆ. ಈ ಸಲ ಚೀಲದಲ್ಲಿ ಪುಸ್ತಕವಿರಲಿಲ್ಲ. ನಾನು ಏನೂ ಕೇಳಲಿಲ್ಲ. ಬಹುಶಃ ಅದಕ್ಕೇ ಆತ ಹೇಳಿದ.

"ನಮ್ಮವ್ವ ಅಪ್ಪ ಹೋದಾಗ ನನಗ ತಿಳವಳಿಕಿನs ಇರಲಿಲ್ಲ. ಚಿಗವ್ವನ ಮನ್ಯಾಗ ಬೆಳದಾಂವ. ಎದ್ರೂ ಪರದೇಶಿ, ಕುಂತ್ರೂ ಪರದೇಶಿ. ರೊಟ್ಟಿ ನೀಡೂವಾಗೂ ಅದ. ಈ ಕಡೆ ಬಂದಾಗ ವಾಸು ಇನ್ನಾ ಮಾಲಕ ಅಲ್ಲ, ಅಂವನ ಮಾವನ ಹೋಟೆಲದಾಗ ಟೇಬಲ್ ಒರಸ್ತಿದ್ದ. ಅಂವಗೂ ಎಲ್ಲಾರೂ ಹಂಗs ಅಂತಿದ್ರು. ಮಧ್ಯಾಹ್ನ ಗಿರಾಕಿ ಕಡಿಮಿ ಆದ್ಮ್ಯಾಲೆ ಮೆಟ್ಟಲ ಕೆಳಗ ನನ್ನ ಗಂಟಿನ ಮ್ಯಾಲೆ ಇಬ್ರೂ ಕುಂತು ಉಣ್ತಿದ್ವಿ. ಬಾರೋ ಪರದೇಶಿ ಅಂತಿದ್ದ ಅಂವ. ನೀ ಯಾವ ದೇಶದ ಅರಸಪಾ ಅಂತಿದ್ದೆ ನಾನು. ಇಬ್ರೂ ನಗತಿದ್ವಿ. ನಕ್ಕು ನಕ್ಕು ಆ ಮಾತಿನ ಮುಳ್ಳs ಮುರದ್ವಿ."

ಆತ ಮಡಚಿದ ಸೀರೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದ.

"ಇಬ್ರೂ ಪರದೇಶಿಗೋಳು ಇದ್ವಿ ತಂಗಿ. ಅವತ್ತ ಬೀಗರ ಮುಂದ ಅಂವ ಆ ಕಡೆ ದಾಟಿ ನಿಂತು, ನನ್ನೊಬ್ಬನ್ನs ಪರದೇಶಿ ಮಾಡಿದ."

ನಾನು ಕನ್ನಡ ಎಂ.ಎ. ಏಕವಚನ, ಬಹುವಚನಗಳನ್ನು ಎರಡು ಪತ್ರಿಕೆಗಳಲ್ಲಿ ಓದಿ ಪಾಸಾದವಳು. ಏಕವಚನದಲ್ಲಿ ಬೈಗುಳವಾಗಿ ಬಹುವಚನದಲ್ಲಿ ನೆಂಟಸ್ತಿಕೆಯಾಗುವ ಪದವೊಂದಿದೆ ಎಂದು ಯಾವ ವ್ಯಾಕರಣವೂ ಹೇಳಿರಲಿಲ್ಲ.

ಮರುದಿನ ಕಲ್ಯಾಣಕ್ಕೆ ಹೋದೆ. ಗಲ್ಲೆಯ ಗಾಜಿನ ಕೆಳಗೆ ನನ್ನ ಹೆಸರು ಹೊಳೆಯುತ್ತಿತ್ತು. ರಾಯರಿಗೆ ಕಾಕಾನ ಆ ಕೊನೆಯ ಒಂದು ಮಾತನ್ನಷ್ಟೇ ಹೇಳಿದೆ, ಅವನ ಬಾಯಿಯ ಮಾತಿನಲ್ಲೇ. ರಾಯರು ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಟ್ಟರು. ಅವರು ಹೋದ ಮೇಲೆ ಗಾಜು ಎತ್ತಿ, ನನ್ನ ಉಪನ್ಯಾಸವನ್ನು ತೆಗೆದು, ಮೇಜಿನ ಖಾನೆಗೆ ತಳ್ಳಿದರು. "ಆ ದಿವಸ ನನಗೆ ಹೆದರಿಕೆ ಆಗಿತ್ತು" ಎಂದರು. "ಅವರದ್ದೆಲ್ಲ ದೊಡ್ಡ ದೊಡ್ಡ ಹೋಟೆಲು. ನಾನು ಟೇಬಲ್ ಒರೆಸಿದವ ಅಂತ ಅವರಿಗೆ ಗೊತ್ತಾದರೆ ಎಂತ ಮಾಡುವುದು ಅಂತ ಕಂಡಿತು. ಇವನನ್ನು ನೋಡಿದರೆ ನನ್ನದೇ ನೆನಪಾಗ್ತದೆ ಅಲ್ವಾ?" ದೋಸೆ ತಿಂದು ಬಂದೆ.

ಮುಂದಿನದು ನಡೆದದ್ದು ಗೌರಿಹಬ್ಬದ ಹಿಂದಿನ ದಿನ. ಡೊಂಬಿವಲಿಯ ಹೆಂಗಸರೆಲ್ಲ ಕಾಕಾನ ಆ ಸಣ್ಣ ಅಂಗಡಿಯಲ್ಲೇ ಇದ್ದರು. ಗೌರಿಗೆ ಉಡಿ ತುಂಬಲು ಖಣ ಬೇಕಲ್ಲ. ಗೋಡೆಗೆ ಒತ್ತಿಕೊಂಡು ನಾನೂ ಒಂದು ನೇರಳೆ ಖಣಕ್ಕಾಗಿ ಕಾಯುತ್ತಿದ್ದೆ. ಆಗ ಬಾಗಿಲಲ್ಲಿ ವಾಸುದೇವ ರಾಯರು ಕಾಣಿಸಿದರು. ಇಸ್ತ್ರಿಯ ಬಿಳಿ ಶರ್ಟು, ಮೈಯೆಲ್ಲ ಬೆವರು. ಗುರಪ್ಪ ಕಾಕಾ ನೋಡಿದ, ನೋಡದವನಂತೆ ಅಳತೆಗೋಲು ಎತ್ತಿಕೊಂಡ. ರಾಯರು ಒಳಗೂ ಬರದೆ ಹೊರಗೂ ಹೋಗದೆ ನಿಂತರು. ಜನ ನೂಕುತ್ತ ನೂಕುತ್ತ ಅವರನ್ನು ಕಪಾಟಿನ ಪಕ್ಕಕ್ಕೆ ತಂದು ನಿಲ್ಲಿಸಿದರು.

ಒಬ್ಬ ಮರಾಠಿ ಹೆಂಗಸು ಅವರನ್ನು ಅಂಗಡಿಯವರೇ ಎಂದುಕೊಂಡಳು. ಮೇಲಿನ ಸಾಲಿನ ಹಸಿರು ಖಣದತ್ತ ಬೆರಳು ಮಾಡಿ, "ಕಾಕಾ, ತೋ ಹಿರವಾ ದಾಖವಾ ನಾ" ಎಂದಳು.

ರಾಯರು ಒಮ್ಮೆ ಗುರಪ್ಪ ಕಾಕಾನ ಕಡೆ ನೋಡಿದರು. ಆಮೇಲೆ ಶರ್ಟಿನ ತೋಳು ಮಡಚಿಕೊಂಡು, ತುದಿಗಾಲಲ್ಲಿ ನಿಂತು ಹಸಿರು ಖಣ ತೆಗೆದು ಕೊಟ್ಟರು. ಅಷ್ಟೇ ಸಾಕಾಯಿತು. ಇನ್ನೊಬ್ಬಳು ಕೆಂಪು ಕೇಳಿದಳು, ಮತ್ತೊಬ್ಬಳು ಅದೇ ಕೆಂಪಿನಲ್ಲಿ ಸಣ್ಣ ಅಂಚು ಕೇಳಿದಳು. ಹೋಟೆಲಿನ ಮಾಲಕರು ಖಣ ಬಿಚ್ಚುವುದನ್ನು ನೀವು ನೋಡಬೇಕಿತ್ತು. ಮಸಾಲೆದೋಸೆ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು. ಮತ್ತೆ ಮಡಚಲು ಹೋದರೆ ತ್ರಿಕೋನ ಬಾರದೆ ಚೌಕ ಬರುತ್ತಿತ್ತು. ಹೆಂಗಸರು ಬೈದರು. ಹಾಗೆ ನಾದುವುದಕ್ಕೆ ಇದೇನು ಹಿಟ್ಟೇ ಎಂದು ಒಬ್ಬಳು ಕೇಳಿದಳು. ರಾಯರು ಎಲ್ಲರಿಗೂ "ಹೋ ಬಾಯಿ, ಹೋ ಬಾಯಿ" ಎಂದು ಮರಾಠಿಯಲ್ಲೇ ಹೌದು ಹೌದು ಎನ್ನುತ್ತ, ಕಪಾಟಿಗೂ ಗಾದಿಗೂ ಓಡಾಡುತ್ತಲೇ ಇದ್ದರು. ಗುರಪ್ಪ ಕಾಕಾ ತನ್ನ ಪಾಡಿಗೆ ಅಳೆಯುತ್ತಲೇ ಇದ್ದ. ನಾನು ನೇರಳೆ ಖಣ ಕೊಂಡಾಗಿತ್ತು, ಆದರೂ ಹೊರಡಲಿಲ್ಲ.

ಗಿರಾಕಿಗಳ ನೂಕಾಟ ಸ್ವಲ್ಪ ಇಳಿದಾಗ ರಾಯರು ಒಂದು ಇಳಕಲ್ ಸೀರೆಯ ಮಡಿಕೆಯನ್ನು, ಕಾಕಾನ ಬಾಯಲ್ಲಿ ಘಳಿಗಿಯನ್ನು, ಅಡ್ಡಾದಿಡ್ಡಿ ಒತ್ತುತ್ತಿದ್ದರು. ಕಾಕಾನಿಗೆ ಇನ್ನು ತಡೆಯಲಾಗಲಿಲ್ಲ.

"ಘಳಿಗಿ ಹಂಗ ಮುರೀತಾರೇನೋ, ಪರದೇಶಿ?"

ಅಂಗಡಿ ಸ್ತಬ್ಧವಾಯಿತು ಎಂದು ಬರೆಯಬೇಕು. ಆದರೆ ಹಾಗೇನೂ ಆಗಲಿಲ್ಲ, ಹೆಂಗಸರು ಚೌಕಾಸಿ ಮಾಡುತ್ತಲೇ ಇದ್ದರು. ರಾಯರ ಕೈ ಮಾತ್ರ ನಿಂತಿತು. ಸೀರೆಯನ್ನು ಎದೆಗೆ ಹಿಡಿದುಕೊಂಡು ಅವರು, "ನನಗೆ ಎಂತ ಗೊತ್ತು? ನೀನು ಹೇಳಿಕೊಡೋ, ಪರದೇಶಿ" ಎಂದರು. ಕಾಕಾ ಗಾದಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. ಆ ಸಂಜೆ ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಸೋಮವಾರಗಳು ಮತ್ತೆ ಶುರುವಾದವು. ಸಾಂಬಾರಿನ ಬೆಲ್ಲ ಕಡಿಮೆಯಾಗಲಿಲ್ಲ.

ಗುರಪ್ಪ ಕಾಕಾ ಈಗಿಲ್ಲ. ಮಲಗಿದ್ದು ಕೆಲವೇ ದಿನ. ಅಷ್ಟೂ ದಿನ ರಾಯರು ಆಸ್ಪತ್ರೆಯಲ್ಲಿ ಅವನ ಪಕ್ಕದಲ್ಲಿದ್ದರು. ಕಲ್ಯಾಣದ ಹೋಟೆಲಿನ ಕಟ್ಟಡ ಕೆಡವಿದ ಮೇಲೆ ರಾಯರು ನೆರೂಳದಲ್ಲಿ ಮಗಳ ಮನೆಯಲ್ಲಿದ್ದಾರೆ.

ಖಣ ಸಿಕ್ಕಿದ ಮರುದಿನ ಅವರನ್ನು ನೋಡಬೇಕೆನಿಸಿತು, ಹೋದೆ. ಬಾಗಿಲು ತೆರೆದ ಮೊಮ್ಮಗಳು "ಆಜೋಬಾ, ಕುಣೀತರೀ ಆಲಂಯ" ಎಂದು ಒಳಗೆ ಕೂಗಿದಳು. ಯಾರೋ ಬಂದಿದ್ದಾರಂತೆ. ಆ ಯಾರೋ ನಾನು. ರಾಯರು ತೆಳ್ಳಗಾಗಿದ್ದರು. ಸುಮನಾ ಚಹಾ ಕೊಟ್ಟು ಒಳಗೆ ಹೋದಳು. ನಾವು ಅದೂ ಇದೂ ಮಾತಾಡಿದೆವು. ಹೆಚ್ಚಾಗಿ ಕಾಕಾನ ಬಗ್ಗೆಯೇ.

"ಇಲ್ಲಿ ಎಲ್ಲರೂ ಮರ್ಯಾದೆ ಕೊಡ್ತಾರೆ ಮಾರಾಯ್ರೆ" ಎಂದರು ರಾಯರು. "ಅಳಿಯ, ಸೊಸೈಟಿಯವರು, ಎಲ್ಲ. ಅಂಕಲ್ ಅಂತಾರೆ, ರಾವ್ ಸಾಬ್ ಅಂತಾರೆ. ಪರದೇಶಿ ಅಂತ ಕರೆಯುವವರೇ ಇಲ್ಲ."

ಹಳೆಯ ನಾನಾಗಿದ್ದರೆ ಆ ಪದದ ಮೂಲದ ಬಗ್ಗೆ ಇನ್ನೆರಡು ಮಾತು ಸೇರಿಸುತ್ತಿದ್ದೆ. ಚಹಾ ಮುಗಿಸಿದೆ. ಹೊರಟಾಗ ಅವರು ಲಿಫ್ಟಿನವರೆಗೂ ಕಳಿಸಲು ಬಂದರು. ನನಗಿಂತ ಹಿರಿಯರು, ಹೆಸರಿಗೆ ರಾಯರು ಸೇರಿಸದೆ ಒಮ್ಮೆಯೂ ಕರೆದವಳಲ್ಲ. ಆದರೂ ಲಿಫ್ಟಿನ ಒಳಗೆ ಕಾಲಿಟ್ಟು ತಿರುಗಿ, "ಬರ್ತೇನ್ರಿ, ಪರದೇಶಿ ರಾಯರ" ಎಂದೆ.

ಅವರ ಮುಖ ಅರಳಿತು. ಮುಚ್ಚುತ್ತಿದ್ದ ಬಾಗಿಲಿಗೆ ಕೈ ಅಡ್ಡ ಹಿಡಿದು, "ಆಯ್ತು, ಹೋಗಿ ಬನ್ನಿ ಪರದೇಶಿಯವರೇ. ಠಾಣೆಯಲ್ಲಿ ಗಾಡಿ ಬದಲಿಸಬೇಕು, ಗೊತ್ತುಂಟಲ್ಲ?" ಎಂದರು.

ಹುಟ್ಟಿದಾಗಿನಿಂದ ಇದೇ ಗಾಡಿಗಳಲ್ಲಿ ಓಡಾಡಿದವಳಿಗೆ ಠಾಣೆಯಲ್ಲಿ ಇಳಿಯಬೇಕೆಂದು ಹೇಳಿಕೊಡುತ್ತಿದ್ದರು. ಗೊತ್ತು ಎನ್ನಲಿಲ್ಲ. "ಹೇಳಿದ್ದು ಚಲೋ ಆತ್ರಿ" ಎಂದೆ.